ಹಸಿರು ವೈರಿನ ಪಾಡು

ಮನೆ ಕಟ್ಟಿಸುವವರು ಸ್ವಿಚ್ಚಿನ ಬಣ್ಣಕ್ಕೆ ತಲೆಕೆಡಿಸಿಕೊಂಡಷ್ಟು ಮಗಳ ಧಾರೆ ಸೀರೆಗೂ ಕೆಡಿಸಿಕೊಳ್ಳುವುದಿಲ್ಲ. ನಾವೂ ಬೆಂಗಳೂರಿನ ಎಸ್.ಜೆ.ಪಿ. ರಸ್ತೆಯ ಅಂಗಡಿಗಳನ್ನೆಲ್ಲ ಸುತ್ತಿ, ಹಾಲಿಗೆಂದು ಲೋಹದ ಪ್ಲೇಟಿನ ಡಿಮ್ಮರ್ ತಂದೆವು. ಗುಂಡಿ ತಿರುಗಿಸಿದರೆ ದೀಪ ಮೆಲ್ಲಗೆ ಮಂಕಾಗುತ್ತದೆ. 1905ರಲ್ಲಿ ಶಿವನಸಮುದ್ರದಿಂದ ಅಷ್ಟು ದೂರ ಕರೆಂಟು ಎಳೆತಂದು ಈ ಊರಿಗೆ ಬೆಳಕು ಕೊಟ್ಟರು. ಈಗ ನಾವು ದುಡ್ಡು ಕೊಟ್ಟು ಅದನ್ನು ತಗ್ಗಿಸಿಕೊಳ್ಳುತ್ತೇವೆ!

ಗೃಹಪ್ರವೇಶದ ಮಾರನೇ ದಿನವೇ ಪ್ಲೇಟು ಮುಟ್ಟಿದರೆ ಬೆರಳು ಜುಮ್ಮೆನ್ನತೊಡಗಿತು. ವೈರಿಂಗ್ ಹುಡುಗನಿಗೆ ಹೇಳಿದರೆ, ಹೊಸ ಚಪ್ಪಲಿ ಕಚ್ಚುತ್ತದೆಂದು ದೂರಿದವರಿಗೆ ಅಂಗಡಿಯವನು ಸಮಾಧಾನ ಹೇಳುವ ಹಾಗೆ, “ಹೊಸದಲ್ವಾ ಸಾರ್, ಸ್ವಲ್ಪ ದಿನ ಹಾಗೇ ಇರುತ್ತೆ” ಎಂದ. ನಮ್ಮತ್ತೆ ಕಾಯಲಿಲ್ಲ. ಡಿಮ್ಮರಿನ ಕೆಳಗೆ ಒಂದು ಜೊತೆ ಹವಾಯಿ ಚಪ್ಪಲಿ ಇಟ್ಟರು. ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಬಂದ ನೆಂಟರು ದೀಪ ಹಾಕಲು ಮತ್ತೆ ಚಪ್ಪಲಿ ಮೆಟ್ಟಬೇಕು.

ಕೊನೆಗೆ ಮೇನ್ ಆಫ್ ಮಾಡಿ ಪ್ಲೇಟು ಬಿಚ್ಚಿಸಿದೆ. ಒಳಗೆ ತಗಡಿನ ಬಾಕ್ಸು. ಅದರ ಮೂಲೆಯಲ್ಲಿ ಹಸಿರು ವೈರು, ಅಂದವಾಗಿ ಸುರುಳಿ ಸುತ್ತಿ, ತುದಿಗೆ ಟೇಪು ಹಚ್ಚಿ ಮಲಗಿಸಿಟ್ಟಿದ್ದು. “ಅರ್ತಿಂಗ್ ಕೊಟ್ಟಿದ್ದೀನಲ್ಲ ಸಾರ್!” ಎಂದ ಹುಡುಗ. ಕೊಟ್ಟಿದ್ದ, ನಿಜ. ಬಾಕ್ಸಿನ ಸ್ಕ್ರೂಗೆ ಮುಟ್ಟಿಸಿರಲಿಲ್ಲ, ಅಷ್ಟೆ.

ಪೂರ್ತಿ ಪ್ಲಾಸ್ಟಿಕ್ಕಿನ ಸ್ವಿಚ್ಚಿಗೆ ಅರ್ತಿನ ಹಂಗಿಲ್ಲ. ಲೋಹದ ಬಾಕ್ಸು, ಲೋಹದ ಪ್ಲೇಟು ಬಂತೆಂದರೆ ಕತೆ ಬೇರೆ. ಒಳಗೆ ಫೇಸ್ ವೈರು ಸಡಿಲಾಗಿ ತಗಡಿಗೆ ತಾಗಿದರೆ 230 ವೋಲ್ಟ್ ಪ್ಲೇಟಿನ ಮೇಲೇ ಕೂತು ನಮ್ಮ ದಾರಿ ಕಾಯುತ್ತದೆ. ಹಸಿರು ವೈರು ಕಟ್ಟಿದ್ದರೆ ಕರೆಂಟು ಅದರಲ್ಲಿ ನುಗ್ಗಿ ಎಂಸಿಬಿಯನ್ನು ಬೀಳಿಸುತ್ತದೆ. ಕಟ್ಟಿರದಿದ್ದರೆ ಮುಟ್ಟಿದವನೇ ಆ ವೈರು. 30 ಮಿಲಿ ಆಂಪಿಯರ್ ಸೋರಿದರೂ ಬೀಳುವ ಆರ್‌ಸಿಸಿಬಿ ಇದ್ದರೆ ಇನ್ನೂ ಒಳ್ಳೆಯದು. ಆದರೆ ಅದಕ್ಕೆ ಬಣ್ಣದ ಆಯ್ಕೆ ಇಲ್ಲವಲ್ಲ, ಯಾರೂ ಕೇಳುವುದಿಲ್ಲ.

ತ್ರೀಪಿನ್ನಿನ ದಪ್ಪ ಕಾಲು ಉಳಿದೆರಡಕ್ಕಿಂತ ಉದ್ದ ಇರುವುದು ಅರ್ತ್ ಮೊದಲು ತಾಗಲಿ, ಕೊನೆಗೆ ಬಿಡಲಿ ಎಂದು. ನಮ್ಮಲ್ಲಿ ಆ ಕಾಲು ಕೂರುವ ತೂತಿಗೆ ಬೇರೆಯೇ ಉಪಯೋಗ: ಪೆನ್ನಿನ ಕ್ಯಾಪು ತುರುಕಿ, ಒಳಗಿನ ಮುಚ್ಚಳ ಸರಿಸಿ, ಟೂಪಿನ್ ಚಾರ್ಜರ್ ಸಿಕ್ಕಿಸುವುದು. ಯಾವ ಕಾಲೇಜಿನಲ್ಲೂ ಕಲಿಸದ ಈ ವಿದ್ಯೆ ಎಲ್ಲರಿಗೂ ಬರುತ್ತದೆ.

ಹುಡುಗ ಗೊಣಗುತ್ತಲೇ ಸ್ಕ್ರೂ ಬಿಗಿದ. ಜುಮ್ಮೆನ್ನುವುದು ಮಾತ್ರ ಪೂರ್ತಿ ನಿಲ್ಲಲಿಲ್ಲ. ಹುಡುಕಿದರೆ, ಉಪ್ಪು, ಇದ್ದಿಲು ತುಂಬಿ ಅರ್ತಿನ ಪೈಪು ಹೂತ ಗುಂಡಿಯ ಮೇಲೆ ಕಂಟ್ರಾಕ್ಟರು ಅಂದದ ಟೈಲ್ಸ್ ಹಾಸಿಬಿಟ್ಟಿದ್ದ. ನೀರಿಳಿಯದೆ ಒಣಗಿದ ಮಣ್ಣು ಕರೆಂಟನ್ನು ಸರಿಯಾಗಿ ಒಳಗೆ ಬಿಟ್ಟುಕೊಳ್ಳುವುದಿಲ್ಲ. ನಿಮ್ಮ ಮನೆಯ ಗುಂಡಿ ಎಲ್ಲಿದೆಯೆಂದು ಇವತ್ತೇ ನೋಡಿಕೊಳ್ಳಿ. ಬೇಸಿಗೆಯಲ್ಲಿ ತುಳಸಿಗೆ ಎರೆದ ಮೇಲೆ ಅದಕ್ಕೂ ಒಂದು ಬಿಂದಿಗೆ ನೀರು ಸುರಿಯಿರಿ.