ನೀಟ್ ಪಿಜಿ ಅಂಕ: ಬಳಸುವ ಕ್ರಮ ಮತ್ತು ಎಚ್ಚರಿಕೆಗಳು

ಅಭಿನಂದನೆಗಳು. ನಿಮ್ಮ ಮನೆಗೆ ವೈದ್ಯಕೀಯ ಸ್ನಾತಕೋತ್ತರ ಸೀಟಿನ ಪರೀಕ್ಷೆಯಾದ ನೀಟ್ ಪಿಜಿಯ ಒಂದು ಅಂಕಪಟ್ಟಿ ಬಂದಿದೆ. ಕೂಡಲೇ ಪೇಢೆ ತರಿಸಬೇಡಿ, ಅಳುವುದೂ ಬೇಡ. ಗದಗ ಜಿಲ್ಲೆಯ ಡೋಣಿ ಎಂಬ ಊರಿನ ಕಟ್ಟೆಯ ಮೇಲೆ ಬಳಸಲೆಂದೇ ಈ ಕೈಪಿಡಿ ತಯಾರಾಗಿದೆ. ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರದಲ್ಲೂ ನಡೆಯುತ್ತದೆ.

ಯಂತ್ರದ ಪರಿಚಯ. 200 ಪ್ರಶ್ನೆ, ಮೂರೂವರೆ ತಾಸು, 800 ಅಂಕ. ಸರಿ ಉತ್ತರಕ್ಕೆ 4, ತಪ್ಪಿಗೆ 1 ಕಡಿತ. ಕಣ್ಣು ಮುಚ್ಚಿ ಎಲ್ಲಕ್ಕೂ ಒಂದೊಂದು ಉತ್ತರ ಒತ್ತಿದರೂ ಲೆಕ್ಕದ ಪ್ರಕಾರ ಸುಮಾರು 50 ಅಂಕ ಬರಬೇಕು. ಇದನ್ನು ಮನೆಯಲ್ಲಿ ಪ್ರಯೋಗಿಸಬೇಡಿ.

ಓದುವ ಬಗೆ. ಪಟ್ಟಿಯಲ್ಲಿ ಅಂಕ, ಪರ್ಸೆಂಟೈಲ್, ರ‍್ಯಾಂಕ್ ಎಂಬ ಮೂರು ಸಂಖ್ಯೆಗಳು ಕಾಣುತ್ತವೆ. ಕಟ್ಟೆಯವರಿಗೆ ಮೊದಲನೆಯದನ್ನು ಹೇಳಿದರೆ "800ಕ್ಕ ಇಷ್ಟ ಏನಪಾ?" ಎನ್ನುತ್ತಾರೆ. ಎರಡನೆಯದನ್ನು ಹೇಳಿದರೆ ತಪ್ಪು ತಿಳಿದು ಕುಣಿಯುತ್ತಾರೆ. "ನೂರಕ್ಕ ತೊಂಬತ್ತೊಂಬತ್ತು ತಗೊಂಡಾನ ನಮ್ಮ ಹುಡುಗ!" ಎಂದು ಕಾಕಾ ಮುಂಡರಗಿ ತನಕ ಸುದ್ದಿ ಮುಟ್ಟಿಸುತ್ತಾರೆ. ಪರೀಕ್ಷೆ ಬರೆಯುವವರು ಎರಡು ಲಕ್ಷದ ಮೇಲೆ. ಅದರಲ್ಲಿ 99 ಪರ್ಸೆಂಟೈಲ್ ಎಂದರೆ ಹುಡುಗನ ಮುಂದೆ ಇನ್ನೂ ಎರಡು ಸಾವಿರ ಮಂದಿ ಸಾಲು ಹಚ್ಚಿ ನಿಂತಿದ್ದಾರೆ. ಅವರಲ್ಲಿ ಬಹಳಷ್ಟು ಮಂದಿಗೆ ಬೇಕಾದದ್ದೂ ಹುಡುಗ ಬಯಸುವುದೇ: ರೇಡಿಯಾಲಜಿ, ಚರ್ಮರೋಗ, ಜನರಲ್ ಮೆಡಿಸಿನ್. ಹಾಗಾಗಿ ಮೂರನೆಯ ಸಂಖ್ಯೆಯನ್ನಷ್ಟೇ ನಂಬಿ. ಅಂಕವನ್ನು ಕಳೆದ ವರ್ಷದ ಅಂಕದ ಜೊತೆ ಹೋಲಿಸಬೇಡಿ. ಪ್ರಶ್ನೆಪತ್ರಿಕೆ ಬಿಗಿಯಾದರೆ ಅದೇ ರ‍್ಯಾಂಕಿಗೆ ಅಂಕ ಇಳಿಯುತ್ತದೆ. ಅದೇ ವಿಷಯ, ಅದೇ ಕಾಲೇಜು, ಅದೇ ಕೋಟಾ, ಅದೇ ವರ್ಗ, ಅದೇ ಸುತ್ತು: ಇವು ಐದೂ ಕೂಡಿದ ಕೊನೆಯ ರ‍್ಯಾಂಕ್ ಎಷ್ಟಿತ್ತು ಎಂದು ನೋಡಿ. ಒಂದು ತಪ್ಪಿದರೂ ಲೆಕ್ಕ ಹುಸಿ.

ಬಯಕೆಯನ್ನು ಊರಿಗೆ ಒಪ್ಪಿಸುವುದು. ಇಲ್ಲಿ ಹೆಚ್ಚು ತಾಳ್ಮೆ ಬೇಕು. "ರೇಡಿಯಾಲಜಿ ಅಂದ್ರ ಸ್ಕ್ಯಾನಿಂಗ್ ಡಾಕ್ಟರ್ರು" ಎಂದು ವಿವರಿಸಿದ ಮೇಲೆ ಕಾಕಾ ಕೇಳುತ್ತಾರೆ: "ಅವರು ಗುಳಿಗಿ ಬರದ ಕೊಡೂದಿಲ್ಲೇನು?" ಸಾಮಾನ್ಯವಾಗಿ ಇಲ್ಲ. "ಮತ್ತ ಹತ್ತ ವರ್ಷ ಓದಿದ್ದ ಯಾಕ?" ರಾತ್ರಿ ಎರಡಕ್ಕೆ ಬಾಗಿಲು ಬಡಿಯುವವರು ಕಡಿಮೆ, ರೋಗಿಯ ಬಳಗದವರು ಕಾಲರ್ ಹಿಡಿಯುವ ಭಯ ಕಡಿಮೆ, ಗಳಿಕೆ ಹೆಚ್ಚು ಎಂಬ ನಿಜವಾದ ಉತ್ತರವನ್ನು ಕಟ್ಟೆಯ ಮೇಲೆ ಹೇಳಬೇಡಿ. ಊರಿಗೆ ಬೇಕಾದದ್ದು ಹೆರಿಗೆ ಡಾಕ್ಟರ್ ಮತ್ತು ಎಲುಬಿನ ಡಾಕ್ಟರ್. ಊರಿನ ಪಟ್ಟಿ ಒಂದು, ಹುಡುಗನ ಪಟ್ಟಿ ಇನ್ನೊಂದು. ಸೀಟು ಹಂಚುವವರು ಊರಿನ ಪಟ್ಟಿ ನೋಡುವುದಿಲ್ಲ.

ಭೂಗೋಳದ ಎಚ್ಚರಿಕೆ. ಸರಕಾರಿ ಕಾಲೇಜುಗಳ ಅರ್ಧ ಸೀಟು ಅಖಿಲ ಭಾರತ ಕೋಟಾಕ್ಕೆ. ಉಳಿದರ್ಧ ರಾಜ್ಯದ್ದು, ಅದನ್ನು ಹಂಚುವುದು ಬೆಂಗಳೂರಿನ ಕರ್ನಾಟಕ ಪರೀಕ್ಷಾ ಪ್ರಾಧಿಕಾರ (ಕೆಇಎ). ರಾಜ್ಯದ ಪಾಲಿನಲ್ಲಿ 371ಜೆ ಎಂಬ ಗೆರೆಯೊಂದಿದೆ. 2012ರಲ್ಲಿ ಸಂವಿಧಾನದ 98ನೇ ತಿದ್ದುಪಡಿಯಿಂದ ಬಂದ ಈ ಸೌಲಭ್ಯ ಕಲ್ಯಾಣ ಕರ್ನಾಟಕದವರಿಗೆ ಆ ಭಾಗದ ಕಾಲೇಜುಗಳಲ್ಲಿ ಶೇ. 70, ರಾಜ್ಯದ ಉಳಿದೆಡೆ ಶೇ. 8 ಸೀಟು ಕೊಡುತ್ತದೆ. ಮುಂಡರಗಿ ತಾಲ್ಲೂಕಿನ ಮೂಡಲಿಗೆ ಕೊಪ್ಪಳ. ಹೊಳೆ ದಾಟಿದರೆ ಹೂವಿನಹಡಗಲಿ. ಎರಡೂ ಗೆರೆಯ ಒಳಗೆ. ಗದಗ ಜಿಲ್ಲೆ ಹೊರಗೆ. ಅದೇ ಎರಿ ನೆಲ, ಅದೇ ಬರ, ಅದೇ ಕೆಟ್ಟ ರಸ್ತೆ; ಆದರೆ ಡೋಣಿಯ ಹುಡುಗನಿಗೆ ಸಿಗದ ಸೀಟು ಅವನಿಗಿಂತ ಹಿಂದಿನ ರ‍್ಯಾಂಕಿನ ಹಡಗಲಿಯ ಗೆಳೆಯನಿಗೆ ಸಿಗಬಹುದು. ಗೆಳೆಯನ ಮೇಲೆ ಸಿಟ್ಟಾಗಬೇಡಿ. ಅವನ ತಾಲ್ಲೂಕಿನ ದವಾಖಾನೆಗಳನ್ನು ಒಮ್ಮೆ ನೋಡಿಬನ್ನಿ.

ದುಡ್ಡಿನ ಗುಂಡಿ. ಮ್ಯಾನೇಜ್‌ಮೆಂಟ್ ಕೋಟಾ ಎಂಬ ಇನ್ನೊಂದು ಬಾಗಿಲಿದೆ. ಕೆಲವು ಖಾಸಗಿ ಕಾಲೇಜುಗಳಲ್ಲಿ ರೇಡಿಯಾಲಜಿಯ ಪೂರ್ತಿ ಕೋರ್ಸಿನ ಫೀ ಕೋಟಿ ದಾಟುತ್ತದೆ. ಎಷ್ಟು ಎಕರೆ ಹೊಲ ಎಂದು ಮನೆಯ ಹಿರಿಯರೇ ಭಾಗಿಸಿಕೊಳ್ಳಲಿ.

ದೋಷ ಕಂಡುಬಂದರೆ. ಕಟ್‌ಆಫ್ ಮುಟ್ಟಲಿಲ್ಲವೇ? ಕಾಯಿರಿ. 2023ರಲ್ಲಿ ಸೀಟು ಖಾಲಿ ಉಳಿದವೆಂದು ಅರ್ಹತೆಯನ್ನು ಸೊನ್ನೆ ಪರ್ಸೆಂಟೈಲಿಗೆ ಇಳಿಸಿದರು. ಅಂದರೆ ಪರೀಕ್ಷೆ ಬರೆದು ಫಲಿತಾಂಶ ಪಡೆದವರೆಲ್ಲ ಅರ್ಹರು. ಹಿಗ್ಗಬೇಡಿ. ಖಾಲಿ ಬೀಳುವುದು ಹೆಚ್ಚಾಗಿ ಅನಾಟಮಿ, ಬಯೋಕೆಮಿಸ್ಟ್ರಿಯಂಥ ಸೀಟುಗಳು, ಇಲ್ಲವೇ ಯಾರೂ ತೆರಲಾರದ ಫೀ ಇರುವವು. ಅರ್ಹತೆ ಇಳಿದರೂ ರೇಡಿಯಾಲಜಿಯ ಸಾಲು ಒಂದಡಿಯೂ ಸರಿಯುವುದಿಲ್ಲ.

ಆಯ್ಕೆ ತುಂಬುವಾಗ. ಮನಸ್ಸಿಗೆ ಬೇಕಾದದ್ದನ್ನು ಮೇಲೆಯೇ ಬರೆಯಿರಿ. ಸಿಗಲಾರದ್ದನ್ನು ಮೊದಲು ಹಾಕಿದರೆ ಕೆಳಗಿನದು ಕೈತಪ್ಪುತ್ತದೆಂಬುದು ಕೋಚಿಂಗ್ ಸೆಂಟರುಗಳ ಜಗಲಿಯಲ್ಲಿ ಹುಟ್ಟಿದ ಭಯ. ಹಂಚುವುದು ರ‍್ಯಾಂಕಿನ ಕ್ರಮದಲ್ಲಿ, ಪಟ್ಟಿಯನ್ನು ಮೇಲಿಂದ ಕೆಳಗೆ ಓದಿ. ಆದರೆ ಸಿಕ್ಕರೂ ಸೇರಲಾರದ ಸೀಟನ್ನು ಪಟ್ಟಿಯ ಕೆಳತುದಿಯಲ್ಲೂ ಬರೆಯಬೇಡಿ. ಅಖಿಲ ಭಾರತ ಕೋಟಾದ ಮೊದಲ ಸುತ್ತಿನಲ್ಲಿ ಸಿಕ್ಕದ್ದನ್ನು ಬಿಟ್ಟರೆ ದಂಡವಿಲ್ಲ. ಮುಂದಿನ ಸುತ್ತುಗಳಲ್ಲಿ ಠೇವಣಿ ಹೋಗುತ್ತದೆ.

ವಾರಂಟಿ. ಈ ಅಂಕ ಈ ಒಂದು ಸಾಲಿಗೆ ಮಾತ್ರ. ಮುಂದಿನ ವರ್ಷ ಬದಲಿ ಮಾಡಿಕೊಡಲಾಗುವುದಿಲ್ಲ; ಹೊಸ ಅರ್ಜಿ, ಹೊಸ ಫೀ. ಕಾಕಾನ ಬಿಪಿ ಮಾತ್ರ ಈಗಿನ ಎಂಬಿಬಿಎಸ್‌ನಿಂದಲೇ ನೋಡಿಸಿಕೊಳ್ಳಬಹುದು, ಮೂರು ತಿಂಗಳಿಂದ ಅವರು ಗುಳಿಗೆ ಬಿಟ್ಟಿದ್ದಾರೆ.