ಫುಲ್ ಲೋಡ್

ಸಿಡ್ನಿಯ ಹ್ಯಾರಿಸ್ ಪಾರ್ಕಿನಲ್ಲಿ ಹಿಮ ಬೀಳುವುದಿಲ್ಲ. ಜುಲೈ ಬೆಳಗಿನ ಜಾವ ಆರೇಳು ಡಿಗ್ರಿಗೆ ಇಳಿದರೆ ಅದೇ ನಮ್ಮ ಮಹಾ ಚಳಿ. ಕೆನಡಾದ ಕನ್ನಡಿಗರಂತೆ ಚಳಿಗಾಲಕ್ಕೇ ಬೇರೆ ಟೈರು ಇಟ್ಟುಕೊಳ್ಳುವ ವೈಭೋಗ ಸಿಡ್ನಿಯವರಿಗಿಲ್ಲ. ಹಾಗಾಗಿ ಇರುವ ನಾಲ್ಕು ಟೈರಿನ ಗಾಳಿಯ ಮೇಲೇ ನಮ್ಮ ಮನೆಯ ಚಳಿಗಾಲದ ಜಗಳಗಳೆಲ್ಲ ನಡೆಯಬೇಕು.

ಜೂನ್ ಲಾಂಗ್ ವೀಕೆಂಡಿಗೆ ಅತ್ತೆ-ಮಾವನಿಗೆ ಹಿಮ ತೋರಿಸಲು ಥ್ರೆಡ್‌ಬೋಗೆ ಹೊರಟೆವು. ಹೆಚ್ಚುಕಮ್ಮಿ 500 ಕಿ.ಮೀ. ಹಿಂದಿನ ಸಂಜೆ ದಿನಸಿಗೆಂದು ವಿಗ್ರಮ್ ಸ್ಟ್ರೀಟಿನಲ್ಲಿ ಪಾರ್ಕಿಂಗಿಗೆ ಸುತ್ತು ಹೊಡೆದು, ಅಕ್ಕಿ, ರವೆ, ಚಕ್ಕುಲಿ ಎಲ್ಲಾ ಹೇರಿಕೊಂಡಾಗಿತ್ತು. ಥ್ರೆಡ್‌ಬೋದಲ್ಲಿ ಉಪ್ಪಿಟ್ಟು ಸಿಗುವುದಿಲ್ಲವಂತೆ. ಡಿಕ್ಕಿಯಲ್ಲಿ ಹಿಮದ ಸರಪಳಿ ಬೇರೆ. ಹಿಮದ ಹಂಗಾಮಿನಲ್ಲಿ ಕೊಸ್ಸಿಯಸ್ಕೊ ನ್ಯಾಷನಲ್ ಪಾರ್ಕಿಗೆ ಟೂ ವೀಲ್ ಡ್ರೈವ್ ಕಾರು ಸರಪಳಿಯಿಲ್ಲದೆ ಹೋಗುವಂತಿಲ್ಲ.

ಮಾವ ಕೆಎಸ್ಆರ್‌ಟಿಸಿ ಡಿಪೋದಲ್ಲಿ ಸವೆದವರು. ರಾಡಿನಿಂದ ಟೈರಿಗೊಂದು ಕೊಟ್ಟು, ಸದ್ದಿನಲ್ಲೇ ಗಾಳಿ ಹೇಳುವ ವಿದ್ಯೆ ಅವರದು. ಇಲ್ಲಿ ರಾಡಿಲ್ಲ. ಆ ಸಂಜೆ ಮಗಳು ಕೊಡಿಸಿದ ಹೊಸ ಶೂನಲ್ಲಿ ಒದ್ದು, "ಜಾಸ್ತಿ ಇದೆ, ಸ್ವಲ್ಪ ಬಿಡಿ" ಎಂದರು. ಓಡಿ ಬಂದ ಟೈರು ಬಿಸಿಯಾಗಿ ಹೆಚ್ಚೇ ತೋರಿಸುತ್ತದೆ, ಆಗ ಗಾಳಿ ಬಿಟ್ಟರೆ ಬೆಳಿಗ್ಗೆ ಕಮ್ಮಿ ಬೀಳುತ್ತದೆ ಎಂದೆ. ಹೊರಗಿನ ತಾಪ 10 ಡಿಗ್ರಿ ಇಳಿದರೆ ಒಂದೂವರೆ-ಎರಡು ಪಿಎಸ್ಐ ತಾನಾಗಿ ಇಳಿಯುತ್ತದೆ ಎಂದೂ ಸೇರಿಸಿದೆ. ಅಳಿಯನ ಮಾತು! ಅಷ್ಟರಲ್ಲಿ ಮೆಲ್ಬರ್ನಿನ ಷಡ್ಡಕ ಫೋನಿನಲ್ಲಿ, "ದುಡ್ಡು ಹೋದರೂ ಪರವಾಗಿಲ್ಲ, ನೈಟ್ರೋಜನ್ ಹಾಕಿಸಿ" ಎಂದ. ಪುಕ್ಕಟೆ ಗಾಳಿಯಲ್ಲೇ ಶೇ. 78 ನೈಟ್ರೋಜನ್ ಇದೆ ಮಾರಾಯ.

ಬೆಳಿಗ್ಗೆ ಟೈರು ತಣ್ಣಗಿರುವಾಗಲೇ ಪಕ್ಕದ ರಸ್ತೆಯ ಬಂಕಿಗೆ ಹೋದೆವು. ಮಾವ ಸುತ್ತ ನೋಡಿದರು.

"ಗಾಳಿ ಹಾಕೋ ಹುಡುಗ ಎಲ್ಲಿ?"

"ನಾನೇ ಮಾವ."

"ಬಿ.ಇ. ಮಾಡಿ ಇಷ್ಟು ದೂರ ಬಂದಿದ್ದು ಇದಕ್ಕಾ?"

ಮಂಡಿಯೂರಿ ವಾಲ್ವಿನ ಟೋಪಿ ಬಿಚ್ಚಿ ಪೈಪು ಸಿಕ್ಕಿಸಿದೆ. ಯಂತ್ರದಲ್ಲಿ 220 ಕಂಡದ್ದೇ ಮಾವ ಎರಡು ಹೆಜ್ಜೆ ಹಿಂದೆ ಸರಿದರು. "ಇನ್ನೂರಿಪ್ಪತ್ತು! ನಮ್ಮ ಬಸ್ಸಿಗೂ ಅಷ್ಟು ಹಾಕ್ತಿರಲಿಲ್ಲ!" ಅದು ಕಿಲೋಪಾಸ್ಕಲ್, ನಿಮ್ಮ ಲೆಕ್ಕದಲ್ಲಿ 32 ಎಂದ ಮೇಲೆ ಉಸಿರುಬಿಟ್ಟರು.

ಅಸಲಿ ಅಪಾಯ ಇದ್ದದ್ದು ಡ್ರೈವರ್ ಬಾಗಿಲ ಸಂದಿಯ ಚೀಟಿಯಲ್ಲಿ. ಹೆಂಡತಿ ಗಟ್ಟಿಯಾಗಿ ಓದಿದಳು: "ಫುಲ್ ಲೋಡ್ ಇದ್ದರೆ ಹಿಂದಿನ ಟೈರಿಗೆ 250."

ಹಿಂದಿನ ಸೀಟಿನ ಕಿಟಕಿ ಇಳಿಯಿತು. "ಫುಲ್ ಲೋಡ್ ಅಂದ್ರೆ ಯಾರು?"

"ಅಕ್ಕಿ ಮೂಟೆ ಅತ್ತೆ," ಎಂದೆ. ಮಾವ ಸುಮ್ಮನಿರಬಹುದಿತ್ತು. "ಇವಳು ಕೂತ ಕಡೆಗೆ ಇನ್ನೂ ಎರಡು ಜಾಸ್ತಿ ಇರಲಿ," ಎಂದರು.

ಅತ್ತೆ ಬಾಗಿಲು ತೆರೆದು ಇಳಿದರು. ಶಾಲು ಹೊದ್ದು ಪಂಪಿನ ಪಕ್ಕ ನಿಂತು, "ಈಗ ನೋಡ್ರಿ," ಎಂದರು. ನೋಡಿದೆ: 220. ಹತ್ತಿ ಕೂತರು: 220. ಮತ್ತೆ ಇಳಿದರು. ಅದೇ 220.

ಭಾರ ಬಿದ್ದರೆ ಟೈರಿನ ಹೊಟ್ಟೆ ಚಪ್ಪಟೆಯಾಗುತ್ತದೆಯೇ ಹೊರತು ಒಳಗಿನ ಒತ್ತಡ ಲೆಕ್ಕಕ್ಕೆ ಸಿಗುವಷ್ಟು ಏರುವುದಿಲ್ಲ. ಹಾಗೆ ಚಪ್ಪಟೆಯಾಗಿ ಓಡಿದರೆ ಬಿಸಿಯೇರಿ ಹಾಳಾಗುತ್ತದೆಂದೇ ಕಂಪನಿಯವರು ಹೆಚ್ಚು ಹಾಕಿ ಎನ್ನುವುದು. ಇದನ್ನು ಆ ಹೊತ್ತಿನಲ್ಲಿ ಬಿಡಿಸಿ ಹೇಳುವಷ್ಟು ದಡ್ಡ ಅಳಿಯ ನಾನಲ್ಲ. ಬಾಯಿಮುಚ್ಚಿಕೊಂಡು 250 ಒತ್ತಿದೆ.

"ಮಿಷನ್ನಿಗಿರೋ ಬುದ್ಧಿ ಕೆಲವರಿಗಿಲ್ಲ," ಎಂದು ಅತ್ತೆ ಮುಂದಿನ ಸೀಟಿನಲ್ಲಿ ಕೂತು ಬೆಲ್ಟು ಹಾಕಿಕೊಂಡರು. ಮಾವ ಹಿಂದೆ, ಅಕ್ಕಿ ಮೂಟೆ ಪಕ್ಕ.