ವಯರ್‌ಲೆಸ್ ಕ್ಯಾಮರಾದ ವಯರು

ಮುಂಬಯಿಯ ದಹಿಸರ್‌ನ ನಮ್ಮ ಫ್ಲ್ಯಾಟಿನಲ್ಲಿ ಕಳ್ಳ ಬಂದರೆ ನಿಲ್ಲುವುದಕ್ಕೂ ಜಾಗವಿಲ್ಲ. ಆದರೂ ಎದುರುಮನೆಯವರು ಕ್ಯಾಮರಾ ಹಾಕಿಸಿದ ಮೇಲೆ ನಮಗೂ ಬೇಕೇಬೇಕಾಯಿತು. ಕ್ಯಾಮರಾ ಇಲ್ಲದ ಮನೆಯಲ್ಲಿ ಏನಿದ್ದೀತು ಎಂದು ಕಳ್ಳನೂ ಹಗುರಾಗಿ ಕಾಣಬಾರದಲ್ಲ!

“ವಯರ್‌ಲೆಸ್ಸೇ ಇರಲಿ ರೀ, ಈಗಷ್ಟೇ ಗೋಡೆಗೆ ಬಣ್ಣ ಹೊಡೆಸಿದ್ದೇವೆ” ಎಂದಳು ಹೆಂಡತಿ. ಅಂಗಡಿಯವನು ವಯರ್‌ಲೆಸ್ ಪೆಟ್ಟಿಗೆ ಬಿಚ್ಚಿದರೆ ಒಳಗೆ ಉದ್ದನೆಯ ವಯರು! “ಚಿತ್ರ ಗಾಳಿಯಲ್ಲಿ ಹೋಗುತ್ತೆ ಸಾಹೇಬ್ರೇ, ಕರೆಂಟು ಹೋಗಲ್ಲ” ಎಂದ. ಬ್ಯಾಟರಿಯದ್ದೂ ಉಂಟಂತೆ. ಅದನ್ನು ಆಗಾಗ ಇಳಿಸಿ ಚಾರ್ಜ್ ಮಾಡಬೇಕು, ಅಷ್ಟು ಹೊತ್ತು ಕಾವಲಿಗೆ ನಾನೇ ಸ್ಟೂಲು ಹಾಕಿ ಕೂರಬೇಕು. ಇನ್ನು ಚಿತ್ರ ಒಯ್ಯುವ ವೈಫೈ 2.4 ಗಿಗಾಹರ್ಟ್ಸ್‌ನದ್ದಾದರೆ ಗೋಡೆ ದಾಟೀತು. 5ರದ್ದು ವೇಗಿಯಾದರೂ, ವಿರಾರ್ ಲೋಕಲ್ ರೈಲಿನಲ್ಲಿ ಬಾಗಿಲ ಕಡೆ ನುಗ್ಗಲು ಹೊರಟ ನನ್ನ ಹಾಗೆ ನಡುವೆಯೇ ಸುಸ್ತಾಗುತ್ತದೆ.

ವಯರಿನದ್ದರಲ್ಲಿ ಈ ರಗಳೆಯಿಲ್ಲ. ಒಂದೇ ಈಥರ್ನೆಟ್ ಕೇಬಲ್ಲಿನಲ್ಲಿ ಕರೆಂಟೂ ಚಿತ್ರವೂ ಹರಿಯುವ ಬಗೆಯೂ ಇದೆ. ರೆಕಾರ್ಡರ್ ಮನೆಯಲ್ಲೇ ಇದ್ದರೆ ಇಂಟರ್ನೆಟ್ ಸತ್ತರೂ ರೆಕಾರ್ಡಿಂಗ್ ನಿಲ್ಲದು. ಆದರೆ ಗೋಡೆ ಕೊರೆಯಲು ಸೊಸೈಟಿ ಸೆಕ್ರೆಟರಿ ಒಪ್ಪಬೇಕು. ಅವರು ಒಪ್ಪಲು ಎದುರುಮನೆಯ ಬಾಗಿಲು ನಮ್ಮ ಚಿತ್ರದಲ್ಲಿ ಬೀಳಬಾರದು. ನಮ್ಮ ಪ್ಯಾಸೇಜಿನ ಅಗಲಕ್ಕೆ, ನಾನು ಬಾಗಿಲು ತೆರೆದು ಆಕಳಿಸಿದರೂ ಅವರ ಬಾಗಿಲೇ ಎದುರಾಗುತ್ತದೆ.

ಹೀಗಾಗಿ ವಯರ್‌ಲೆಸ್ ಬಂತು, ಕಿಟಕಿಯ ಗ್ರಿಲ್ಲಿಗೆ ಕೂತಿತು. ನಡುರಾತ್ರಿ ಮೊಬೈಲು ಕಿರುಚಿತು. ಪಕ್ಕದ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದ ಚಿರತೆಯೇ ಬಂತೆಂದು ನಡುಗುತ್ತ ನೋಡಿದರೆ, ಪಾರಿವಾಳ! ಸಂಸಾರ ಸಮೇತ.

ಬಾಡಿಗೆ ಮನೆಯವರು ವಯರ್‌ಲೆಸ್ ತನ್ನಿ. ಸ್ವಂತ ಮನೆಯಿದ್ದವರು ಬಣ್ಣ ಹೊಡೆಸುವ ಮೊದಲೇ ವಯರು ಎಳೆಸಿಬಿಡಿ.